ಅಂಗಡಿ ಬೋರ್ಡಿನಾಗ ನಾ ಇಲ್ಲ

1/5
ಅಂಗಡಿ ಬೋರ್ಡಿನ ಫೋಟೋ ಯಾಕ ಹಾಕ್ಯಾಳ ಅಂತ ಕೇಳಬ್ಯಾಡ್ರಿ, ಐದೂ ಓದ್ರಿ. ಸೆಮಿಸ್ಟರ್ ರಜೆಯಲ್ಲಿ ಮರೋಳದ ಮನೆಯಲ್ಲಿ ಕೂತು ಫೋನಿನಲ್ಲಿ ‘ಗೃಹಭಂಗ’ ಸೀರಿಯಲ್ ನೋಡಿದೆ. ಎಸ್.ಎಲ್. ಭೈರಪ್ಪನವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ, ನಂಜಮ್ಮನಾಗಿ ಮಾಳವಿಕಾ. ಕಥೆ ಸ್ವಾತಂತ್ರ್ಯಕ್ಕಿಂತ ಮೊದಲಿನದು, ತಿಪಟೂರಿನ ಕಡೆಯದು. ನಮ್ಮ ಕಡೆ ಮಾತಲ್ಲ, ಆದ್ರೂ ಒಂದೇ ವಾರಕ್ಕ ಮುಗಿಸಿದೆ.

2/5
ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ. ಲೆಕ್ಕ ಬರೆಯೋದು ನಂಜಮ್ಮ. ಊರಿನ ಕಂದಾಯದ ಪುಸ್ತಕ ಆಕೆಯ ಅಕ್ಷರ, ಹುದ್ದೆ ಆತಂದು, ಕೈಗೆ ಬಂದ ರೊಕ್ಕ ಆತನ ಹೊಟ್ಟೆಗೆ. ಮನೆ ನಡೀಬೇಕಲ್ಲ, ಅದಕ್ಕ ಮುತ್ತುಗದ ಎಲಿನೂ ಹಚ್ಚತಾಳ. ಇಷ್ಟು ನೋಡಿ ಗಂಟಲು ಕಟ್ಟಿತ್ತು, ಅಷ್ಟರಾಗ ಜಾಹೀರಾತು ಬಂತು. ಮಗ ಕೆಸರಾಗಿ ಬರ್ತಾನ, ತಾಯಿ ನಗ್ತಾಳ. ಅಂಗಿ ಕಾಲರ್ ಬೆಳ್ಳಗಾತು, ಆಕೆಯ ಜನ್ಮ ಸಾರ್ಥಕ ಆತು. ನೂರು ವರ್ಷ ಹಳೇದು ಯಾವುದು ಹೇಳ್ರಿ, ಸೀರಿಯಲ್ಲೋ ಜಾಹೀರಾತೋ? ಸೀರಿಯಲ್ಲಿನಾಗ ನಂಜಮ್ಮ ದಣಿಯೋದು ಕಾಣತೈತಿ. ಜಾಹೀರಾತಿನ ತಾಯಿ ದಣಿಯೋದೇ ಇಲ್ಲ.

3/5
“ಸ್ಕಿಪ್ ಮಾಡು, ಅಷ್ಟೇ” ಅಂತೀರಿ. ಧಾರಾವಾಹಿಗೆ ಇಂಗ್ಲಿಷಿನಲ್ಲಿ ‘ಸೋಪ್ ಆಪೆರಾ’ ಅನ್ನೋದು ಯಾಕ ಗೊತ್ತೇನು? 1930ರ ದಶಕದಲ್ಲಿ ಅಮೆರಿಕದ ರೇಡಿಯೋದಲ್ಲಿ ಮನೆಯಲ್ಲಿರೋ ಹೆಂಗಸರಿಗಂತ ಕಥೆ ಹಾಕಿಸಿದವರು ಸಾಬೂನು ಕಂಪನಿಯವರು. ಕಥೆಯ ನಡುವೆ ಜಾಹೀರಾತು ಬಂದದ್ದಲ್ಲ, ಜಾಹೀರಾತಿಗಾಗಿ ಕಥೆ ಬಂದದ್ದು. ‘ಗೃಹಭಂಗ’ದಂಥ ಕಥೆ ಆ ಲೆಕ್ಕಕ್ಕೆ ಸಿಗೋದಿಲ್ಲ, ಆದರೆ ಅದರ ನಡುವೆಯೂ ಅದೇ ಪುಡಿ ಮಾರತಾರ.

ನಮಗ ಮಾರ್ಕೆಟಿಂಗ್ ಪೇಪರಿನಲ್ಲಿ ಇದನ್ನ ‘ಟಾರ್ಗೆಟ್ ಆಡಿಯನ್ಸ್’ ಅಂತ ಕಲಿಸ್ತಾರ, ನಾವೂ ಹತ್ತು ಮಾರ್ಕ್ಸಿಗೆ ಬರೀತೀವಿ. ಒಮ್ಮೆ ನಮ್ಮೂರ ಗೋಡೆ ನೋಡ್ರಿ. ಬೀಜ, ಟ್ರ್ಯಾಕ್ಟರ್, ಸಿಮೆಂಟ್, ಎಲ್ಲಾದರಾಗೂ ಮೀಸಿ ತಿರುವೋ ಗಂಡಸು, ಕೆಳಗ “ರೈತ ಬಾಂಧವರೇ”. ಆ ಗೋಡೆ ಮುಂದಿಂದನ ದಿನಾ ಬೆಳಿಗ್ಗೆ ಬುತ್ತಿ ಕಟಗೊಂಡು ಕಸ ತೆಗಿಯಾಕ ಹೋಗೋರು ಯಾರು?

4/5
ಈಗ ಅಂಕಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡ್ತಾರ. ಅದೇ ಕೆಲಸ ಮಾಡುವ ಗಂಡಸರು 88. ಗಮನಿಸ್ರಿ, ಮಾಡುವ ಗಂಡಸರು. ಮುಟ್ಟದೇ ಇರೋರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ. 289 ನಿಮಿಷ ಅಂದ್ರ ನಮ್ಮ ಕಾಲೇಜಿನ ಒಂದು ದಿನ.

ಜಾಹೀರಾತು ಮಾನದಂಡ ಮಂಡಳಿ 2022ರಲ್ಲಿ ನಿಯಮ ತಂದಿತು: ಇಂಥ ಕೆಲಸ ಹೆಂಗಸರದೇ ಅಂತ ತೋರಿಸಬಾರದು. ಸರಿ. ಈಗ ಗಂಡ ಒಂದು ಕಪ್ ಚಹಾ ಮಾಡತಾನ, ಹಿಂದ ಪಿಟೀಲು ಬಾರಿಸ್ತಾರ, ಹೆಂಡತಿ ಕಣ್ಣಾಗ ನೀರು. ಆಕೆ ಮಾಡಿದ ಚಹಾಕ್ಕ ಯಾರು ಪಿಟೀಲು ಬಾರಿಸಿದ್ರು?

5/5
ಈಗ ಬೋರ್ಡಿಗೆ ಬರ್ತೀನಿ. ಅದು ಅಪ್ಪಾಜಿಯ ಕಿರಾಣಿ ಅಂಗಡಿ. ಅಪ್ಪಾಜಿ ಹೆಸರು, ಮುಂದ “ಅಂಡ್ ಸನ್ಸ್”. ಸನ್ಸ್ ಅಂದ್ರ ಒಬ್ಬನೇ, ನನ್ನ ತಮ್ಮ, ಒಂಬತ್ತನೇ ಕ್ಲಾಸು, ಅಂಗಡಿಗೆ ಬರೋದು ಚಾಕಲೇಟಿಗೆ. ಉದ್ರಿ ಪುಸ್ತಕ, ಜಿಎಸ್‌ಟಿ ಬಿಲ್ಲು, ಯಾರು ಎಷ್ಟು ಬಾಕಿ, ಎಲ್ಲಾ ಪಿಯುಸಿಯಿಂದ ನಾನೇ ಬರೀತೀನಿ. ಅದಕ್ಕೂ ಮೊದಲು ಅವ್ವ ಬರೀತಿದ್ಲು, ಏಳನೇತ್ತಿ ಓದಿದಾಕಿ. ಆಕೆಯ ಹಳೇ ಕಿರ್ದಿ ಪುಸ್ತಕ ತೆಗೆದು ಕೂಡಿ ನೋಡಿದೆ, ಒಂದು ಪುಟದಲ್ಲೂ ತಪ್ಪಿಲ್ಲ. ನನ್ನದರಾಗ ಅದಾವ.

ಅಪ್ಪಾಜಿ ಕೆಟ್ಟವರಲ್ಲ. ಕೇಳಿದ್ದಕ್ಕ ನಕ್ಕು, “ಎಲ್ಲಾರೂ ಹಂಗೇ ಬರಸ್ತಾರವ್ವಾ, ನೀ ಹೆಂಗೂ ಇನ್ನೊಬ್ಬರ ಮನೀಗೆ ಹೋಗಾಕಿ” ಅಂದ್ರು. ಇನ್ನೊಬ್ಬರ ಮನೀಗೆ ಹೋಗೋತನಕ ಈ ಮನೀ ಲೆಕ್ಕ ಯಾವ ಖಾತೆಗೆ ಹಾಕ್ಲಿ, ಬಿಕಾಂ ದೋಸ್ತ್ರು ಹೇಳ್ರಿ.

ದೀಪಾವಳಿಗೆ ಅಂಗಡಿ ಪೂಜಾ, ಬೋರ್ಡಿಗೆ ಹೊಸ ಬಣ್ಣ. ಪೇಂಟರ್ ಅಣ್ಣಗ ರೇಟು ಕೇಳಿದೆ, ಅಕ್ಷರದ ಲೆಕ್ಕ ಅಂದ್ರು. ‘ಮಗಳು’ ಮೂರೇ ಅಕ್ಷರ, ಸ್ಕಾಲರ್‌ಶಿಪ್ ರೊಕ್ಕ ತೆಗೆದಿಟ್ಟೀನಿ. ಅಪ್ಪಾಜಿಗೆ ಇನ್ನೂ ಹೇಳಿಲ್ಲ.

#ಗೃಹಭಂಗ #ಮರೋಳ #ಅಂಡ್‌ಸನ್ಸ್