ಕತ್ತಿಯ ಕತೆಯಷ್ಟೇ ಸಾಲದು, ದಫ್ತರದ ಕತೆಯೂ ಬೇಕು

ಕಿತ್ತೂರು ಕದನಕ್ಕೆ 2024ರಲ್ಲಿ ಇನ್ನೂರು ವರ್ಷ ತುಂಬಿತು. 1824ರ ಅಕ್ಟೋಬರ್ 23ರಂದು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಸತ್ತು ಬಿದ್ದದ್ದು ನಮ್ಮ ಭಾಗದ ಶಾಲಾ ಮಕ್ಕಳಿಗೂ ಗೊತ್ತು. ಲಾವಣಿ, ನಾಟಕ, ಸಿನಿಮಾ, ಕಾದಂಬರಿಗಳು ಆ ದಿನವನ್ನು ಮತ್ತೆ ಮತ್ತೆ ಹೇಳಿವೆ. ಹುಬ್ಬಳ್ಳಿಯ ನಡುಮಧ್ಯದ ವೃತ್ತಕ್ಕೆ ಕಿತ್ತೂರಿನ ರಾಣಿ ಚನ್ನಮ್ಮನ ಹೆಸರಿದೆ. ಈ ಅಭಿಮಾನ ನ್ಯಾಯವಾದದ್ದೇ. ಆದರೆ ಬ್ರಿಟಿಷರ ಕಾಲದ ಕತೆ ಹೇಳುವ ಕಾದಂಬರಿಯನ್ನು ಕೈಗೆತ್ತಿಕೊಂಡಾಗಲೆಲ್ಲ ನಾವು ಕಾಳಗದ ಪುಟಗಳನ್ನೇ ಹುಡುಕುತ್ತೇವೆ. ವೀರ ಯಾರು, ದ್ರೋಹಿ ಯಾರು ಎಂದು ತಿಳಿದರೆ ಸಾಕೆನ್ನಿಸಿಬಿಡುತ್ತದೆ. ಅಷ್ಟಕ್ಕೆ ಕಾದಂಬರಿಯೇ ಬೇಕಿಲ್ಲ, ಲಾವಣಿ ಸಾಕು. ಪರರ ಆಳ್ವಿಕೆ ನಮ್ಮ ಊರೊಳಗೆ, ನಮ್ಮವರ ಕೈಯಿಂದಲೇ ಹೇಗೆ ಬೇರುಬಿಟ್ಟಿತು ಎಂಬುದನ್ನು ಕಾದಂಬರಿ ತೋರಿಸಬಲ್ಲದು. ಅದನ್ನು ಓದಬೇಕಾದದ್ದು ಇದಕ್ಕಾಗಿ.

ಕಿತ್ತೂರಿನ ಜಗಳ ಶುರುವಾದದ್ದೇ ಒಂದು ದತ್ತಕದ ವಿಷಯಕ್ಕೆ. ಮಕ್ಕಳಿಲ್ಲದೆ ತೀರಿಕೊಂಡ ದೇಸಾಯಿಯ ದತ್ತುಪುತ್ರನನ್ನು ಥ್ಯಾಕರೆ ಒಪ್ಪಲಿಲ್ಲ, ಸಂಸ್ಥಾನದ ಖಜಾನೆಗೆ ಮುದ್ರೆ ಹಾಕಿಸಿದ. ದತ್ತಕವನ್ನು ನಿರಾಕರಿಸುವ ನೀತಿಗೆ ಹೆಸರಾದ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬರಲು ಆಗಿನ್ನೂ ಎರಡು ದಶಕಕ್ಕಿಂತ ಹೆಚ್ಚು ಕಾಲವಿತ್ತು. 1858ರಲ್ಲಿ ಬಂಡೆದ್ದ ನರಗುಂದದ ಭಾಸ್ಕರರಾವ್ ಭಾವೆಗೂ ದತ್ತಕದ ಅನುಮತಿ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಇನಾಂ ಕಮಿಷನ್ ಹಳೆಯ ಸನದುಗಳನ್ನು ಕೆದಕಿ, ಪುರಾವೆಯಿಲ್ಲದ ಇನಾಂ ಭೂಮಿಗಳನ್ನು ಸರ್ಕಾರಕ್ಕೆ ಸೇರಿಸತೊಡಗಿತ್ತು. ಇದಕ್ಕೂ ಮೊದಲೇ, ಚನ್ನಮ್ಮನ ಬಳಿಕ ಕಿತ್ತೂರಿಗಾಗಿ ಬಂಡೆದ್ದ ಸಂಗೊಳ್ಳಿ ರಾಯಣ್ಣನ ದಂಡು ಬೀಡಿ ಎಂಬ ಊರಿನ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು, ಜಮೀನಿನ ಕಾಗದಪತ್ರ ಸುಟ್ಟಿತು. ಕತ್ತಿ ಹಿಡಿದವನಿಗೆ ದಫ್ತರದ ಮೇಲೇಕೆ ಸಿಟ್ಟು? ಹೊಲ ಯಾರದು, ಕಂದಾಯ ಎಷ್ಟು, ವಾರಸುದಾರ ಯಾರು ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದದ್ದು ಆ ಕಾಗದದ ಗಂಟುಗಳೇ. ಅವನ್ನು ಬರೆದವರಲ್ಲಿ ನಮ್ಮ ಕುಲಕರ್ಣಿಗಳಿದ್ದರು, ವಸೂಲಿಗೆ ನಿಂತವರಲ್ಲಿ ನಮ್ಮ ಗೌಡರಿದ್ದರು. ಕೊನೆಗೆ ರಾಯಣ್ಣನನ್ನು ಹಿಡಿದುಕೊಟ್ಟವರೂ ಈ ನೆಲದವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಕನ್ನಡದ ಒಳ್ಳೆಯ ಕಾದಂಬರಿಗಳು ಈ ಒಳಮನೆಯ ಕತೆಯನ್ನು ಬಿಡದೆ ಹೇಳಿವೆ. ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯಲ್ಲಿ (1975) ಬಿಳಿಯರು ದೂರದಲ್ಲೇ ಉಳಿಯುತ್ತಾರೆ, ಶಿವಾಪುರ ಅಲುಗಾಡುವುದು ಪಟ್ಟಣದಲ್ಲಿ ಓದಿ ಬಂದ ಊರ ಮಗ ಗುಡಸೀಕರನಿಂದ. ಕುಂ. ವೀರಭದ್ರಪ್ಪನವರ ‘ಅರಮನೆ’ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ ಕಾಲದ ಬಳ್ಳಾರಿ ಸೀಮೆಗೆ ನಮ್ಮನ್ನು ಒಯ್ಯುತ್ತದೆ. ಪಾಳೆಯಗಾರರನ್ನು ಹತ್ತಿಕ್ಕಿದ ಮನ್ರೋನನ್ನು ಅಲ್ಲಿನ ಜನ ಆದರದಿಂದಲೂ ನೆನೆದರು ಎಂಬ ಕಸಿವಿಸಿಯ ಸತ್ಯವನ್ನು ಅರಗಿಸಿಕೊಳ್ಳಲು ಕಾದಂಬರಿಯಷ್ಟು ವಿಶಾಲವಾದ ಜಾಗವೇ ಬೇಕು. ನಿರಂಜನರ ‘ಚಿರಸ್ಮರಣೆ’ಯಲ್ಲಿ (1955) ಕಾಸರಗೋಡಿನ ಕಯ್ಯೂರಿನ ರೈತರು ಮೊದಲು ಎದುರಿಸುವುದು ಊರ ಜಮೀನ್ದಾರರನ್ನು, ಅವರ ಬೆನ್ನಿಗೆ ಬ್ರಿಟಿಷರ ಪೊಲೀಸರಿದ್ದಾರೆ.

ಕಾದಂಬರಿ ಇತಿಹಾಸವಲ್ಲ, ಅದನ್ನು ನಂಬಿ ಓದಿದರೆ ಸುಳ್ಳು ತಲೆಗೇರುತ್ತದೆ ಎಂಬ ಆಕ್ಷೇಪವಿದೆ. ಮಾತು ಸರಿ, ಆದರೆ ದಾಖಲೆಯೂ ನಿಷ್ಪಕ್ಷಪಾತಿಯಲ್ಲ. ಕಂಪನಿಯ ವರದಿಗಳನ್ನು ಬರೆದವರು ಗೆದ್ದವರು. ಅವುಗಳಲ್ಲಿ ರಾಯಣ್ಣ ದರೋಡೆಕೋರ. ಅವನನ್ನು ವೀರನೆಂದು ಉಳಿಸಿಕೊಂಡದ್ದು ಲಾವಣಿಕಾರರು, ಆ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಹಾಗೆಯೇ ಕಿತ್ತೂರು ಕದನದಲ್ಲಿ ಸೆರೆಸಿಕ್ಕಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಈ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಹಾಗಾಗಿ ಯಾವುದೊಂದನ್ನೇ ನಂಬದೆ ಕಾದಂಬರಿ, ಲಾವಣಿ, ದಾಖಲೆ ಮೂರನ್ನೂ ಒಟ್ಟಿಗಿಟ್ಟು ಓದಬೇಕು. ಕಾದಂಬರಿಕಾರ ಕಟ್ಟಿದ್ದೇನು, ದಾಖಲೆ ಮುಚ್ಚಿಟ್ಟಿದ್ದೇನು ಎಂಬುದು ಆಗ ಗೊತ್ತಾಗುತ್ತದೆ.

ಇನ್ನೊಂದು ಆಕ್ಷೇಪ ಭಾವನೆಯದು: ಹೀಗೆ ಓದಿದರೆ ನಮ್ಮ ವೀರರು ಸಣ್ಣವರಾಗುವುದಿಲ್ಲವೇ, ಬ್ರಿಟಿಷರ ತಪ್ಪು ಹಗುರವಾಗುವುದಿಲ್ಲವೇ? ಎರಡೂ ಇಲ್ಲ. ಊರಿನ ಎಷ್ಟೋ ಜನ ಭಯದಿಂದಲೋ ಲಾಭಕ್ಕೋ ಸರ್ಕಾರದ ಕಡೆ ವಾಲಿದ್ದಾಗಲೂ ಎದುರು ನಿಂತ ಚನ್ನಮ್ಮ, ರಾಯಣ್ಣರ ಎದೆಗಾರಿಕೆ ಇಂಥ ಓದಿನಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಊರನ್ನು ಊರಿನವರಿಂದಲೇ ಒಡೆಯುವ ಆಳ್ವಿಕೆಯ ಕ್ರೌರ್ಯ, ಕೋಟೆಗೆ ತೋಪು ಹಾರಿಸುವ ಆಳ್ವಿಕೆಯ ಕ್ರೌರ್ಯಕ್ಕಿಂತ ಕಡಿಮೆಯೇನಲ್ಲ.

ಕಿತ್ತೂರು ಉತ್ಸವ ಪ್ರತಿ ಅಕ್ಟೋಬರ್‌ನಲ್ಲಿ ಬರುತ್ತದೆ. ಮೆರವಣಿಗೆ, ಭಾಷಣಗಳ ಜೊತೆಗೆ ಧಾರವಾಡ, ಹುಬ್ಬಳ್ಳಿಯ ಕಾಲೇಜುಗಳಲ್ಲಿ, ವಾಚನಾಲಯಗಳಲ್ಲಿ ಇಂಥ ಒಂದು ಕಾದಂಬರಿಯನ್ನು ಕೂಡಿ ಓದಿ ಚರ್ಚಿಸುವ ಪದ್ಧತಿ ಬೆಳೆಯಲಿ. ಹೋರಾಡಿದವರು ಯಾರು ಎಂದು ಮಕ್ಕಳಿಗೆ ಕಲಿಸಿದ್ದೇವೆ. ಉಳಿದವರು ಏಕೆ ಸುಮ್ಮನಿದ್ದರು, ಕೆಲವರು ಏಕೆ ಕೈಜೋಡಿಸಿದರು ಎಂದು ಕೇಳುವುದನ್ನೂ ಕಲಿಸಬೇಕು. ಆ ಪ್ರಶ್ನೆ ಕೇಳಲು ಕಲಿತವರು ಇಂದಿನ ಯಾವ ಅಧಿಕಾರಕ್ಕೂ ಕಣ್ಣು ಮುಚ್ಚಿ ತಲೆಬಾಗುವುದಿಲ್ಲ.