ನಾಲಗೆಗೆ ಮುನ್ನ ಕಿವಿ

ಪ್ರೌಢ ವಯಸ್ಸಿನಲ್ಲಿ ಪರಭಾಷೆಯನ್ನು ಕಲಿಯಹೊರಟವನ ಉಚ್ಚಾರಣೆ ತಪ್ಪಿದೊಡನೆ ನಾವು ಅವನ ನಾಲಗೆಯನ್ನು ದೂಷಿಸುವುದು ವಾಡಿಕೆ. ಅದನ್ನು ಅಪರಾಧವೆಂದೇ ಕರೆಯುವುದಾದರೆ, ಬಹುಪಾಲು ಕಿವಿಯದು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಇಂಗ್ಲಿಷಿನ ಮನೆಯಲ್ಲಿ ಬೆಳೆಯುವ ಆರೆಂಟು ತಿಂಗಳ ಶಿಶುವು ಹಿಂದಿಯ ತಕಾರ ಟಕಾರಗಳ ಭೇದವನ್ನು ಗ್ರಹಿಸಬಲ್ಲುದು. ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಬಹುಮಟ್ಟಿಗೆ ಉಡುಗುತ್ತದೆ. ಇಂಗ್ಲಿಷರ ಟಕಾರವಾದರೋ ದಂತ್ಯವೂ ಅಲ್ಲ, ಮೂರ್ಧನ್ಯವೂ ಅಲ್ಲ, ಎರಡರ ನಡುವಣ ಒಸಡಿನಲ್ಲಿ ಹುಟ್ಟತಕ್ಕದ್ದು. ಆದಕಾರಣ ನಮ್ಮ ಎರಡು ವರ್ಣಗಳೂ ಅವರ ಕಿವಿಗೆ ಆ ಒಂದರ ರೂಪಾಂತರಗಳಾಗಿಯೇ ಕೇಳುತ್ತವೆ.

ಬೆಂಗಳೂರಿನ ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳಬಯಸುವ ಉತ್ತರದೇಶದವರ ಸಂಕಟವೂ ಇಂಥದೇ. ಶಿಷ್ಟ ಹಿಂದಿಯಲ್ಲಿ ಳಕಾರವಿಲ್ಲ. ಎಕಾರ ಏಕಾರಗಳೆಂಬ ಹ್ರಸ್ವದೀರ್ಘ ಭೇದವೂ ಅಲ್ಲಿ ಅರ್ಥವನ್ನು ಬೇರ್ಪಡಿಸುವುದಿಲ್ಲ. ಬೆಲೆ, ಬೆಳೆ, ಬೇಳೆ ಎಂಬ ಮೂರನ್ನೂ ಒಂದೇ ಆಗಿ ನುಡಿಯುವವರನ್ನು ಉದಾಸೀನರೆಂದು ನಮ್ಮವರು ಜರೆಯುವುದುಂಟು (ಕೆಲವರಲ್ಲಿ ಆ ಗುಣ ನಿಜವಾಗಿಯೇ ಇರಬಹುದು, ಅದು ಬೇರೆಯ ಮಾತು). ಕೇಳಿಸದ ಭೇದವನ್ನು ನುಡಿಯೆಂದು ಗದರಿಸಿ ಫಲವೇನು?

ಪರಿಹಾರವಿಲ್ಲವೆಂದಲ್ಲ. ಇಂಗ್ಲಿಷಿನ ರಕಾರ ಲಕಾರಗಳಲ್ಲಿ ಎಡವುವ ಜಪಾನೀಯರಿಗೆ, ಆ ಭೇದವುಳ್ಳ ಜೋಡಿಪದಗಳನ್ನು ಹಲವು ಕಂಠಗಳಿಂದ ಕೇಳಿಸಿ, ಪ್ರತಿಸಲವೂ ತಪ್ಪುಸರಿಗಳನ್ನು ತಿಳಿಸುತ್ತ ಬಂದಾಗ ಅವರ ಶ್ರವಣ ಸುಧಾರಿಸಿತೆಂದು ಲೋಗನ್, ಲೈವ್ಲಿ, ಪಿಸೋನಿ ಎಂಬವರು 1991ರಲ್ಲಿ ತೋರಿಸಿದರು. ಅದಕ್ಕಿಂತಲೂ ಸ್ವಾರಸ್ಯವಾದ ಸಂಗತಿ 1997ರಲ್ಲಿ ಪ್ರಕಟವಾಯಿತು: ಉಚ್ಚಾರಣೆಯ ಪಾಠವನ್ನೇ ಹೇಳದೆ ಕೇವಲ ಇಂತಹ ಶ್ರವಣಾಭ್ಯಾಸ ಮಾಡಿಸಿದ್ದರಿಂದಲೇ ಜಪಾನೀ ಕಲಿಗರ ಉಚ್ಚಾರಣೆಯೂ ತಿದ್ದಿಕೊಂಡಿತು.

ಹೀಗಿರುವಲ್ಲಿ ಅನ್ಯಭಾಷಿಕರಿಗಾಗಿ ನಡೆಯುವ ಕನ್ನಡ ತರಗತಿಗಳು ಮೊದಲ ದಿನವೇ ‘ನಿಮ್ಮ ಹೆಸರೇನು’ ಎಂಬ ವಾಕ್ಯವನ್ನು ಗಿಳಿಪಾಠ ಮಾಡಿಸುವ ಆತುರವೇಕೆಂದು ನನಗೆ ತಿಳಿಯದು. ಮೊದಲ ಕೆಲವು ದಿನ ಮಾತನಾಡಿಸದೆ ಕೇಳಿಸಲಿ; ಮೈಸೂರಿನ ಹೆಂಗಸು, ಧಾರವಾಡದ ಮುದುಕ, ಮಂಗಳೂರಿನ ಹುಡುಗ, ಹೀಗೆ ಬಗೆಬಗೆಯ ಕಂಠಗಳಲ್ಲಿ ‘ಹಲ್ಲಿ’ ‘ಹಳ್ಳಿ’ಗಳನ್ನೂ ‘ಕೊಡು’ ‘ಕೋಡು’ಗಳನ್ನೂ ಕೇಳಿಸಿ, ಯಾವುದು ಯಾವುದೆಂದು ಗುರುತಿಸಹೇಳಲಿ. ಪ್ರೌಢರಾದುದರಿಂದ ಅವರಿಗೆ ಈ ಭೇದಗಳು ಹುಟ್ಟುವ ಕಾರಣವನ್ನೂ ತಿಳಿಸಬಹುದು; ಅದಕ್ಕೆ ಬೇಕಾದ ಸಾಧನ ನಮ್ಮಲ್ಲಿಯೇ ಇದೆ. ಕಂಠದಿಂದ ಓಷ್ಠದವರೆಗೆ ಸ್ಥಾನಕ್ರಮದಲ್ಲಿ ಸಾಗುವ ನಮ್ಮ ವರ್ಗಾಕ್ಷರಗಳು ಪ್ರಾಚೀನ ಶಿಕ್ಷಾಶಾಸ್ತ್ರದ ಧ್ವನಿವಿವೇಕವನ್ನೇ ಹೊತ್ತಿದ್ದರೂ, ಅವನ್ನು ಬರಿಯ ಲಿಪಿಪಟವಾಗಿ ಗೋಡೆಗೆ ತೂಗುಹಾಕಿ ನಾವು ಸುಮ್ಮನಾಗಿದ್ದೇವೆ.

ಅವರು ನಮ್ಮಂತೆಯೇ ನುಡಿಯಬೇಕೆಂಬ ಹಟ ಬೇಡ. ಅರ್ಥವನ್ನು ಬೇರ್ಪಡಿಸುವ ಭೇದಗಳು ಕೈಗೂಡಿದರೆ ಸಾಕು. ಮಿಕ್ಕ ಧಾಟಿಯಲ್ಲಿ ಲಖನೌವೋ ಲಂಡನ್ನೋ ಉಳಿದುಕೊಂಡರೆ ಕನ್ನಡಕ್ಕೆ ಯಾವ ನಷ್ಟವೂ ಇಲ್ಲ.