ಸಪೂರ ಇದ್ದವರಿಗೆ ಶುಗರ್ ಬರಲ್ವಾ? (ಭಾಗ 4)

ನಮ್ಮ ಸಂತೆಗುಳಿ ಕಡೆ ಯಾರಿಗಾದರೂ ಶುಗರ್ ಬಂತು ಅಂದರೆ ಮೊದಲ ಮಾತು ಇದೇ: "ಅಷ್ಟು ಸಪೂರ ಇದ್ದಾರಲ್ಲ, ಅವರಿಗೆ ಎಂತಕ್ಕೆ ಬಂತು?" ನಮ್ಮ ದೊಡ್ಡಪ್ಪನಿಗೂ ಹಾಗೇ ಆಯ್ತು. ಕೈಕಾಲು ಕಡ್ಡಿ, ಆದರೆ ಅಂಗಿಯ ಕೆಳಗಿನ ಎರಡು ಗುಂಡಿ ಯಾವಾಗಲೂ ಬಿಗಿ. ತೋಟದಲ್ಲಿ ಆದ ಕಾಲಿನ ಗಾಯ ತಿಂಗಳಾದರೂ ಮಾಯದೇ ಇದ್ದಾಗಲೇ ನಮಗೆ ಗೊತ್ತಾಗಿದ್ದು. ಅಲ್ಲಿವರೆಗೆ ಆ ಗುಂಡಿಗಳನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಬೊಜ್ಜು ಅಂದರೆ ಸುಮ್ಮನೆ ಬಿದ್ದಿರೋ ಮೂಟೆ ಅಂದುಕೊಂಡಿದ್ದೀರಾ? ಅಲ್ಲ. ಅದು ಗ್ರಂಥಿಯ ಹಾಗೆ ರಕ್ತಕ್ಕೆ ಹಾರ್ಮೋನ್ ಬಿಡುತ್ತೆ. 1994ರಲ್ಲಿ ಪತ್ತೆಯಾದ ಲೆಪ್ಟಿನ್ "ಕೊಬ್ಬು ಬೇಕಾದಷ್ಟಿದೆ, ಊಟ ಸಾಕು" ಅಂತ ಮಿದುಳಿಗೆ ಹೇಳುತ್ತೆ. ಬೊಜ್ಜು ಜಾಸ್ತಿಯಾದರೆ ಲೆಪ್ಟಿನ್ ಕೂಡ ಜಾಸ್ತಿ, ಆದರೆ ಮಿದುಳು ಅದರ ಮಾತು ಕೇಳೋದನ್ನೇ ಬಿಡುತ್ತೆ. ಅಡಿಪೊನೆಕ್ಟಿನ್ ಅನ್ನೋದು ಇನ್ಸುಲಿನ್‌ಗೆ ಸಹಾಯಕ. ಹೊಟ್ಟೆಯೊಳಗೆ ಕೊಬ್ಬು ಏರಿದಷ್ಟೂ ಇದು ಇಳಿಯುತ್ತೆ. ಇನ್ಸುಲಿನ್ ಇದ್ದರೂ ಕೆಲಸ ಸಾಗಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸಿ ಕೊನೆಗೆ ಸೋಲುತ್ತೆ. ಅಲ್ಲಿಗೆ ಟೈಪ್ 2 ಡಯಾಬಿಟಿಸ್.

ಇದರಲ್ಲಿ ತೂಕ ಹೇಗೆ ಮೋಸ ಮಾಡುತ್ತೆ ನೋಡಿ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್, ಇಬ್ಬರ ಬಿಎಂಐ ಕೂಡ 22.3. ದೇಹದ ಕೊಬ್ಬು ಅಳೆದರೆ ಯುಡ್ಕಿನ್‌ಗೆ 9.1%, ನಮ್ಮವರಿಗೆ 21.2%! ಇಬ್ಬರ ಫೋಟೋ ಸಮೇತ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಅಧ್ಯಯನವೂ ಇದನ್ನೇ ಹೇಳುತ್ತೆ: ಮಕ್ಕಳು ಇಂಗ್ಲೆಂಡಿನ ಶಿಶುಗಳಿಗಿಂತ ಸಣ್ಣ, ಆದರೆ ಬೆನ್ನಿನ ಕೊಬ್ಬು ಮಾತ್ರ ಕಡಿಮೆ ಇಲ್ಲ.

ಅದಕ್ಕೇ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕಾಲೇಜಿನ ಹೆಲ್ತ್ ಚೆಕಪ್‌ನಲ್ಲಿ ಬರೀ ತೂಕ ನೋಡಿ ಕಳಿಸೋದು ಅರ್ಧ ಕೆಲಸ. ಪಕ್ಕದಲ್ಲಿ ಒಂದು ಟೇಪ್ ಇರಲೇಬೇಕು. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಟೈಲರ್ ಟೇಪ್ ಸಾಕು, ಖರ್ಚೇನಿಲ್ಲ. ದಪ್ಪ ಇರೋ ಗೆಳೆಯನನ್ನು ಆಡಿಕೊಳ್ಳೋದೂ ಬೇಡ, ಸಪೂರ ಇದ್ದೀನಿ ಅಂತ ಬೀಗೋದೂ ಬೇಡ.

ಇವತ್ತು ರಾತ್ರಿ ಊಟಕ್ಕೆ ಮೊದಲು ಅಪ್ಪ-ಅಮ್ಮನ ಸೊಂಟ ಅಳೆಯಿರಿ, ನಿಮ್ಮದೂ ಅಳೆಯಿರಿ. ಮಿತಿ ದಾಟಿದ್ದರೆ ಹೆದರಬೇಡಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಗಾಯ ಆಗೋವರೆಗೆ ಕಾಯಬೇಡಿ.

#ಸಂತೆಗುಳಿ #ಕುಮಟಾ #ಟೇಪ್_ಹಿಡಿಯಿರಿ